ಮೇಷ್ಟ್ರು ಓದದೆ ಹಾಕಿದ ರುಜು

ಮೊನ್ನೆ ಹಳೇ ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ಒಂದು ಹಸಿರು ಫ್ಲಾನಲ್ ಬಟ್ಟೆ ಸಿಕ್ಕಿತು. ನುಸಿಗುಳಿಗೆಯ ವಾಸನೆ, ಅದರಡಿಯಲ್ಲಿ ಒಣಗಿದ ಗೋಂದಿನ ವಾಸನೆ. ಒಂದು ಕೆಂಪು ಕಾಗದದ ಚೌಕ ಇನ್ನೂ ಅದಕ್ಕೆ ಕಚ್ಚಿಕೊಂಡಿತ್ತು. ಅದನ್ನು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮಳವಳ್ಳಿಯ ಲೆಕ್ಕದ ಮೇಷ್ಟ್ರು ನೆನಪಾದರು…

ಎಪ್ಪತ್ತರ ದಶಕ. ನಾನು ಬಿ.ಎಡ್. ಓದುತ್ತಿದ್ದೆ, ಗಣಿತದ ಟೀಚರ್ ಆಗುವವಳು. ಮಂಡ್ಯದಲ್ಲಿ ಅಪ್ಪನಿಗೆ ಸರ್ಕಾರಿ ಕೆಲಸ. ಮನೆಯಲ್ಲಿ ಫ್ಯಾನೂ ಇತ್ತು, ನನ್ನ ತಲೆಯಲ್ಲಿ ಜಂಬವೂ ಇತ್ತು. ಪಾಠದ ಅಭ್ಯಾಸಕ್ಕೆ ಮಳವಳ್ಳಿಯ ಒಂದು ಹೈಸ್ಕೂಲಿಗೆ ಹಾಕಿದರು. ಬೆಳಗಿನ ಬಸ್ಸಿನಲ್ಲಿ ನನ್ನ ಫ್ಲಾನಲ್ ಬೋರ್ಡನ್ನು ಮಡಿಲಲ್ಲಿಟ್ಟುಕೊಂಡು, ಯಾರ ಕೈಯೂ ತಾಗದ ಹಾಗೆ ಕಾಯ್ದುಕೊಂಡು ಹೋಗುತ್ತಿದ್ದೆ. ಬಟ್ಟೆ ಹೊದಿಸಿದ ಹಲಗೆ ಅದು. ಬೆನ್ನಿಗೆ ಮರಳುಕಾಗದ ಅಂಟಿಸಿದ ಬಣ್ಣದ ಚೂರುಗಳನ್ನು ಒತ್ತಿದರೆ ಬೀಳದೆ ನಿಲ್ಲುತ್ತಿದ್ದವು. ನಮ್ಮ ಕಾಲಕ್ಕೆ ಅದೇ ದೊಡ್ಡ ಯಂತ್ರ. ಪಾಠದ ಟಿಪ್ಪಣಿಯಲ್ಲಿ ಮೊದಲ ಸಾಲೇ ‘ಪ್ರೇರಣೆ, ಐದು ನಿಮಿಷ’ ಎಂದಿರಬೇಕಿತ್ತು. ಉಪಕರಣ ತೋರಿಸಿದರೆ ಮಕ್ಕಳಿಗೆ ಆಸಕ್ತಿ ತಾನಾಗಿ ಬರುತ್ತದೆ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ನಾನು ನಂಬಿದ್ದೆ.

ಒಂಬತ್ತನೇ ತರಗತಿಗೆ ಲೆಕ್ಕ ಹೇಳುತ್ತಿದ್ದ ಮೇಷ್ಟ್ರು ದುದ್ದದ ಕಡೆಯವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ. ಬಿಳಿ ಪಂಚೆ, ಒಂದು ಗುಂಡಿ ತಪ್ಪಿಸಿ ಹಾಕಿದ ಕೋಟು. ಕೈಯಲ್ಲಿ ಸೀಮೆಸುಣ್ಣ ಇಲ್ಲ, ಪುಸ್ತಕ ಇಲ್ಲ. ಬೋರ್ಡಿನ ಮೇಲೆ ಬರೆಯುವುದೆಲ್ಲ ಮಕ್ಕಳೇ. ಹಾಜರಿಯನ್ನೂ ಎರಡನೇ ಬೆಂಚಿನ ಹುಡುಗಿಯೊಬ್ಬಳು ಹಾಕುತ್ತಿದ್ದಳು. ಶುದ್ಧ ಸೋಮಾರಿ ಮನುಷ್ಯ ಅಂದುಕೊಂಡೆ.

ಎ ಕೂಡಿಸು ಬಿ, ಅದರ ವರ್ಗ. ನಾನು ಎರಡು ದಿನ ಕಾಗದ ಕತ್ತರಿಸಿದ್ದ ಪಾಠವನ್ನು ಅವರು ಬರೀ ಬಾಯಲ್ಲಿ ಮಾಡಿದರು.

“ನಿಮ್ಮಪ್ಪನ ಗದ್ದೆ ಚೌಕವಾಗೈತೆ ಕಣ್ಲಾ. ಆ ಮಗ್ಗುಲಿಗೆ ಎರಡು ಮಾರು, ಈ ಮಗ್ಗುಲಿಗೆ ಎರಡು ಮಾರು ಒತ್ತರಿಸ್ದ. ಎಷ್ಟು ಜಾಸ್ತಿ ಆಯ್ತು?”

ಮಕ್ಕಳು ಎರಡು ಪಟ್ಟಿಯನ್ನು ಮಾತ್ರ ಲೆಕ್ಕ ಹಾಕಿ ಕೂಗಿದರು. ಮೇಷ್ಟ್ರು ನಕ್ಕರು. “ಮೂಲೆ ಬುಟ್ಬುಟ್ರಲ್ಲೋ! ಅದುನ್ನ ಯಾವನ್ಲಾ ಉಳ್ತಾನೆ?”

ಇಡೀ ಕೋಣೆ ಬೊಬ್ಬೆ ಹಾಕಿತು. ಮಧ್ಯೆ ಎಲ್ಲಾದರೂ ಸದ್ದು ನಿಂತರೆ ಮೇಷ್ಟ್ರು ಗದರುತ್ತಿದ್ದರು: “ಕೈ ಎತ್ಕೊಂಡು ಕೂತಿದ್ದೀರೇನ್ಲಾ? ಬಾಯಿ ಬುಡ್ರಲಾ!”

ಆ ಅಭ್ಯಾಸವೇ ನನಗೆ ಮುಳುವಾಯಿತು. ನನ್ನ ಪಾಠ ನೋಡಲು ಕಾಲೇಜಿನಿಂದ ಉಪನ್ಯಾಸಕರು ಬಂದ ದಿನ ಒಬ್ಬರೂ ಕೈ ಎತ್ತಲಿಲ್ಲ. ನಾನು ಕೇಳಿದ್ದೇ ತಡ, ನಲವತ್ತು ಗಂಟಲು ಒಟ್ಟಿಗೆ ಅರಚಿದವು. ಉಪನ್ಯಾಸಕರು ‘ಶಿಸ್ತು ಇಲ್ಲ’ ಎಂದು ಬರೆದು ಅಂಕ ಕತ್ತರಿಸಿ ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು.

ಆಗ ಒಂದು ಪದ್ಧತಿ ಇತ್ತು. ನಾವು ಶಾಲೆಯ ಮೇಷ್ಟ್ರುಗಳ ಹತ್ತು ಪಾಠ ನೋಡಿ, ಅವಲೋಕನದ ಪುಸ್ತಕದಲ್ಲಿ ಅಭಿಪ್ರಾಯ ಬರೆದು, ಕೆಳಗೆ ಅವರದೇ ರುಜು ಹಾಕಿಸಬೇಕು. ಆಮೇಲೆ ಹೆಡ್‌ಮಾಸ್ಟರ ರುಜು. ರುಜು ಹಾಕುವವರ ಎದುರಿಗೆ ಯಾರು ತಪ್ಪು ಬರೆಯುತ್ತಾರೆ? ಎಲ್ಲರೂ ‘ಪಾಠ ಚೆನ್ನಾಗಿತ್ತು’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ನಾನು ಮಾತ್ರ ಒಂದು ಪುಟ ತುಂಬ ಬರೆದೆ. ಮೇಷ್ಟ್ರು ಒಂದು ದಿನವೂ ಕಪ್ಪುಹಲಗೆ ಬಳಸುವುದಿಲ್ಲ, ಪುಸ್ತಕ ತೆರೆಯುವುದಿಲ್ಲ, ಹಾಜರಿ ಸಹ ಹಾಕುವುದಿಲ್ಲ, ಪ್ರೇರಣೆಯಂತೂ ಇಲ್ಲವೇ ಇಲ್ಲ. ಓದಿ ಜಗಳವಾಡಲಿ ಎಂದೇ ಅವರ ಮುಂದೆ ಹಿಡಿದೆ.

ಅವರು ಪುಸ್ತಕವನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಪೆನ್ನಿಗೆ ಕೈಚಾಚಿದರು. ಕೈ ನನ್ನ ಪೆನ್ನಿಂದ ಒಂದು ಗೇಣು ಆಚೆ ನಿಂತಿತು.

“ಎಲ್ಲಿ ಆಕ್ಲಮ್ಮ?”

ನಾನು ಅವರ ಬೆರಳನ್ನು ಹಿಡಿದು ಜಾಗ ತೋರಿಸಿದೆ.

“ಚೆನ್ನಾಗ್ ಬರ್ದಿದ್ದೀಯ ತಾನೇ?”

“ಹೂಂ ಸಾರ್” ಅಂದೆ.

ರುಜು ನನ್ನ ಕೊನೆಯ ಎರಡು ಸಾಲಿನ ಮೇಲೇ ಓರೆಯಾಗಿ ಹತ್ತಿತು. ಆಗ ಗೊತ್ತಾಗಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಆ ಗಳಿಗೆಯಲ್ಲೇ ಗೊತ್ತಾಯಿತು. ಪುಟ ಹರಿದು ಹಾಕಬಹುದಿತ್ತು. ಆದರೆ ಪುಸ್ತಕ ಒಪ್ಪಿಸಲು ಅವತ್ತೇ ಕೊನೆ ದಿನ. ಕಳೆದುಕೊಂಡ ಅಂಕ ಅದರಲ್ಲಾದರೂ ಬರಬೇಕಿತ್ತು. ಒಪ್ಪಿಸಿದೆ.

ಹೆಡ್‌ಮಾಸ್ಟರು ಅದೊಂದನ್ನು ಪೂರ್ತಿ ಓದಿದರು. ಮಾರನೇ ದಿನ ಸ್ಟಾಫ್‌ ರೂಮಿನಲ್ಲಿ ಎಲ್ಲರ ಎದುರಿಗೆ ದಿನಪತ್ರಿಕೆ ಕೊಟ್ಟು, “ಮೇಷ್ಟ್ರೇ, ಇದರ ಮೇಲಿನ ಸಾಲು ಓದಿ” ಅಂದರು. ಮೇಷ್ಟ್ರು ಪತ್ರಿಕೆಯನ್ನು ಎರಡು ಕೈಯಲ್ಲೂ ಹಿಡಿದರು. ತುಂಬ ಹೊತ್ತು ಹಿಡಿದುಕೊಂಡೇ ಇದ್ದರು. “ಕನ್ನಡಕ ತಂದಿಲ್ಲ ಸಾರ್” ಅಂದರು. ಅವರ ಮೂಗಿನ ಮೇಲೆ ಕನ್ನಡಕವನ್ನು ಯಾರೂ ಯಾವತ್ತೂ ಕಂಡಿರಲಿಲ್ಲ. ಆಮೇಲೆ ತೀರ ಸಣ್ಣ ದನಿಯಲ್ಲಿ ಅಂದರು, “ಇಸ್ಕೂಲ್ ಬುಟ್ರೆ ಎಲ್ಲಿಗೋಗ್ಲಿ ಸಾರ್? ಮನೇಲಿ ಮಾತಾಡ್ಸಕ್ಕೂ ಯಾರಿಲ್ಲ.” ಬಾಗಿಲ ಹತ್ತಿರ ನಿಂತಿದ್ದ ನಾನು ಫ್ಲಾನಲ್ ಬೋರ್ಡು ಎತ್ತಿಕೊಂಡು ಕ್ಲಾಸಿಗೆ ಹೊರಟುಬಿಟ್ಟೆ.

ಕಣ್ಣಿನ ಡಾಕ್ಟರ ಪರೀಕ್ಷೆ ಆಯಿತು. ತಿಂಗಳೊಳಗೆ ಅವರನ್ನು ಕೆಲಸದಿಂದ ಬಿಡಿಸಿದರು. ನನ್ನ ಕೊನೆಯ ದಿನ, ಹಾಜರಿ ಹಾಕುತ್ತಿದ್ದ ಹುಡುಗಿ ಗೇಟಿನ ತನಕ ಹಿಂದೆ ಬಂದಳು. “ಎರಡು ವರ್ಸದಿಂದ ನಮ್ಗೆಲ್ಲಾ ಗೊತ್ತಿತ್ತು ಮಿಸ್. ನಾವ್ಯಾರೂ ಏಳಿರ್ಲಿಲ್ಲ” ಅಂದಳು. ಎತ್ತಿದ ಕೈ ಕಾಣದ ಮೇಷ್ಟ್ರಿಗೆ ಕೇಳಲಿ ಎಂದೇ ಆ ಮಕ್ಕಳು ಅಷ್ಟು ಜೋರಾಗಿ ಕೂಗುತ್ತಿದ್ದವು. ತಪ್ಪು ಉತ್ತರವನ್ನೂ ಕೂಗುತ್ತಿದ್ದವು, ಮೇಷ್ಟ್ರು ತಿದ್ದಲಿ ಎಂದು.

ನನ್ನ ಪುಸ್ತಕ ವಾಪಸ್ಸು ಬಂದಾಗ ಆ ಪುಟದಲ್ಲಿ ‘ಸೂಕ್ಷ್ಮ ಅವಲೋಕನ’ ಎಂದು ಕೆಂಪು ಶಾಯಿಯಲ್ಲಿ ಬರೆದು ಪೂರ್ತಿ ಅಂಕ ಕೊಟ್ಟಿದ್ದರು.

ನಾಲ್ಕೈದು ವರ್ಷದ ಮೇಲೆ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಅದೇ ಹುಡುಗಿ ಸಿಕ್ಕಿದಳು, ಕಂಕುಳಲ್ಲಿ ಮಗು. ಮೇಷ್ಟ್ರು ಹೇಗಿದ್ದಾರೆ ಎಂದು ಕೇಳುವಷ್ಟು ಮುಖ ನನಗೆಲ್ಲಿತ್ತು… ಅವಳೇ ಹೇಳಿದಳು.

“ಓದ್ ವರ್ಸ ಓಗ್ಬುಟ್ರು ಮಿಸ್. ಒಂದ್ಸಲ ನೋಡಾಕೋಗಿದ್ದೆ. ಬರ್ದೋರು ನೀವೇ ಅಂತ ನಾನೇ ಏಳ್ದೆ. ‘ಪಾಪ, ಆ ಮಗೀಗೆ ಕೆಲ್ಸ ಸಿಕ್ತೇನವ್ವ’ ಅಂತ ಕೇಳಿದ್ರು.” ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. “ಪಾಪ ಅಂದಿದ್ದು ಅವ್ರು. ನಾನನ್ನಾಕಿಲ್ಲ.”

ಕೆಲಸ ಸಿಕ್ಕಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಮಾಡಿ ನಿವೃತ್ತಳೂ ಆದೆ. ಈಗ ಕ್ಲಾಸುಗಳಲ್ಲಿ ಗೋಡೆಯಗಲದ ಪರದೆ ಬಂದಿದೆ; ಹೊಸ ಟೀಚರುಗಳಿಗೆ ಪ್ರೇರಣೆಯ ಬಗ್ಗೆ ಎರಡು ಮಾತು ಹೇಳಿ ಎಂದು ನನ್ನನ್ನು ಕರೆಯುತ್ತಾರೆ. ಹೋಗುತ್ತೇನೆ, ಮಾತಾಡುತ್ತೇನೆ, ಹಾರ ಹಾಕಿಸಿಕೊಂಡು ಬರುತ್ತೇನೆ. ಮೇಷ್ಟ್ರು ಹೋಗಿ ಎಷ್ಟೋ ಕಾಲವಾಯಿತು. ಅವರ ಹೆಸರನ್ನು ಒಂದು ಸಭೆಯಲ್ಲೂ ಎತ್ತಿಲ್ಲ, ಇಲ್ಲೂ ಬರೆದಿಲ್ಲ… ಬರೆದರೆ, ಕೆಳಗೆ ನನ್ನದನ್ನೂ ಬರೆಯಬೇಕಾಗುತ್ತದೆ.