ಜಾಯಿಂಟ್ ವೀಲ್ ತನಕ

ದುಬೈಯ ಕರಾಮದ ನಮ್ಮ ಕಟ್ಟಡದಲ್ಲಿ ಚಳಿಯ ದೇಶಕ್ಕೆ ಹೋಗುವವರು ಕೋಟು ಕೊಂಡುಕೊಳ್ಳುವುದಿಲ್ಲ. ಕೋಟು ಕಟ್ಟಡದಲ್ಲೇ ಇದೆ. ಹಿಂದೆ ಯಾರೋ ಕೊಂಡದ್ದು, ಈಗ ಯಾರದೆಂದು ಯಾರಿಗೂ ನೆನಪಿಲ್ಲ. ಈದ್ ರಜೆಗೋ ನ್ಯಾಷನಲ್ ಡೇ ರಜೆಗೋ ಜಾರ್ಜಿಯಾಕ್ಕೆ ಹೊರಟವರು ಹಿಂದಿನ ಸಲ ಹೋದವರ ಬಾಗಿಲು ಬಡಿದು ಅದನ್ನು ಒಯ್ಯುತ್ತಾರೆ. ಬಂದ ಮೇಲೆ ತೊಳೆಸಿ, ನುಸಿಗುಳಿಗೆ ಹಾಕಿ, ಮುಂದಿನವರು ಬರುವ ತನಕ ಇಟ್ಟುಕೊಳ್ಳುತ್ತಾರೆ. ನನಗೆ ಅದನ್ನು ತಂದುಕೊಟ್ಟವಳು ಎದುರು ಫ್ಲ್ಯಾಟಿನ ಬ್ಯಾರಿ ಹೆಂಗಸು, ಉಳ್ಳಾಲದವಳು.

"ಈ ಕೋಟು ಎಷ್ಟು ಸಲ ಹೋಗಿ ಬಂದಿದೆ ಅಂದ್ರೆ ಅಕ್ಕ, ಅಲ್ಲಿ ನಿಮಗೆ ದಾರಿ ತಪ್ಪಿದ್ರೆ ಅದೇ ಕರ್ಕೊಂಡು ಬರ್ತದೆ" ಎಂದು ನಕ್ಕಳು. ನಗುತ್ತಲೇ ಅವಳ ಕಣ್ಣು ನನ್ನ ಎಡಗಾಲಿಗೆ ಹೋಯಿತು. ಆ ವರ್ಷ ಎಲ್ಲರೂ ಹಾಗೆಯೇ, ಮೊದಲು ಕಾಲಿನ ಜೊತೆ ಮಾತಾಡಿ ಆಮೇಲೆ ಮುಖ ನೋಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಮಾರ್ಚಿನಲ್ಲಿ, ನನಗೆ ಕೆಲಸಕ್ಕೆ ರಜೆಯಿದ್ದ ಒಂದು ದಿನ, ನಾನು ಅಡುಗೆಮನೆಯಲ್ಲಿ ಜಾರಿ ಬಿದ್ದಿದ್ದೆ. ಸಿಂಕಿನಿಂದ ಚೆಲ್ಲಿದ ನೀರು, ಅಷ್ಟೇ. ಸೊಂಟದ ಹತ್ತಿರ ಮೂಳೆ ಮುರಿಯಿತು. ಮಧ್ಯಾಹ್ನ ಬಿದ್ದವಳು ಸಂಜೆ ನನ್ನ ಗಂಡ ಡ್ಯೂಟಿ ಮುಗಿಸಿ ಬರುವ ತನಕ ಹಾಗೇ ನೆಲದ ಮೇಲಿದ್ದೆ. ಫೋನು ಊಟದ ಮೇಜಿನ ಮೇಲೆ ಬಡಿದುಕೊಳ್ಳುತ್ತಲೇ ಇತ್ತು. ಕೂಗಿದೆ, ಆದರೆ ಎಲ್ಲರ ಮನೆಯಲ್ಲೂ ಎ.ಸಿ., ಎಲ್ಲರ ಬಾಗಿಲೂ ಮುಚ್ಚಿದ್ದು. ಕರೆ ಮಾಡುತ್ತಿದ್ದವರು ನನ್ನ ಗಂಡನೇ. ಬೆಳಿಗ್ಗೆ ಚಟ್ನಿಗೆ ಉಪ್ಪು ಜಾಸ್ತಿ ಎಂದಿದ್ದರು. ಆ ಸಿಟ್ಟಿಗೆ ನಾನು ಫೋನು ಎತ್ತುತ್ತಿಲ್ಲ ಎಂದುಕೊಂಡರಂತೆ. ಬಾಗಿಲು ತೆಗೆದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಾಗ ಅವರ ಮುಖ ಹೇಗಿತ್ತೆಂಬುದನ್ನು ನಾನು ಮರೆತಿಲ್ಲ.

ಆಪರೇಷನ್ ಆಯಿತು, ಮೂಳೆ ಕೂಡಿತು. ಕೂಡದೆ ಉಳಿದದ್ದು ಅವರ ಧೈರ್ಯ. ಆಫೀಸಿನಿಂದ ಗಂಟೆಗೊಮ್ಮೆ ಫೋನು. ಎರಡು ರಿಂಗಿಗೆ ಎತ್ತದಿದ್ದರೆ ವಾಚ್‌ಮನ್ ಬಂದು ಬಾಗಿಲು ಬಡಿಯುತ್ತಿದ್ದ. ಒಮ್ಮೆ ತಲೆಗೆ ಸೋಪು ಹಚ್ಚಿಕೊಂಡೇ ಬಾಗಿಲು ತೆರೆದು ಅವನಿಗೆ ನಾನು ಬದುಕಿದ್ದೇನೆಂದು ತೋರಿಸಬೇಕಾಯಿತು.

ಮನೆಯಲ್ಲಿ ನಮ್ಮದು ತುಳು. ಆದರೆ ನನ್ನ ಗಂಡ ಗಂಭೀರ ವಿಷಯ ಬಂದರೆ ಕನ್ನಡಕ್ಕೆ ಹೊರಳುತ್ತಾರೆ. ಹೈಸ್ಕೂಲಿನಲ್ಲಿ ಭಾಷಣಕ್ಕೆ ಬಹುಮಾನ ಪಡೆದವರು, ಆ ರೋಗ ಇನ್ನೂ ವಾಸಿಯಾಗಿಲ್ಲ. ಅವರು ಕನ್ನಡ ಶುರುಮಾಡಿದರೆ ನಾನು ಹುಷಾರಾಗುತ್ತೇನೆ.

"ನೋಡು, ನೀನು ಸ್ವಲ್ಪ ಸಮಯ ಊರಿಗೆ ಹೋಗಿ ಕಾಪುವಿನಲ್ಲಿ ನನ್ನ ಅಕ್ಕನ ಮನೆಯಲ್ಲಿ ಇರು. ಅಲ್ಲಿ ಮನೆ ತುಂಬ ಜನ ಉಂಟು. ಬಿದ್ರೆ ಎತ್ತಲಿಕ್ಕೆ ಯಾರಾದ್ರೂ ಇರ್ತಾರೆ. ಇಲ್ಲಿ ನಾನು ಬೆಳಿಗ್ಗೆ ಹೋದ್ರೆ ಸಂಜೆ."

"ಸ್ವಲ್ಪ ಸಮಯ ಅಂದ್ರೆ ಎಷ್ಟು?"

"ನೋಡುವ."

ಈ 'ನೋಡುವ' ಎಂಬುದರ ಅರ್ಥ ಗಲ್ಫಿನಲ್ಲಿರುವ ಯಾರಿಗಾದರೂ ಗೊತ್ತು. ಆರು ತಿಂಗಳು ಹೊರಗಿದ್ದರೆ ವೀಸಾ ಖಲಾಸ್. ಅಲ್ ಮುರಕ್ಕಬಾತಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ನಿನ ಕುರ್ಚಿ ನನ್ನದು. ಅಲ್ಲಿ ಆಗಲೇ ಒಬ್ಬ ಹುಡುಗಿಯನ್ನು ತಾತ್ಕಾಲಿಕವೆಂದು ಕೂರಿಸಿದ್ದರು. ಡಿಸೆಂಬರಿನ ನ್ಯಾಷನಲ್ ಡೇ ಕಳೆದ ಮೇಲೆ ಬರುತ್ತೀರೋ ಇಲ್ಲವೋ ಹೇಳಿಬಿಡಿ ಎಂದು ಡಾಕ್ಟರು ಮರ್ಯಾದೆಯಿಂದಲೇ ಕೇಳಿದ್ದರು. ಇನ್ನು ಕಾಪುವಿನ ಅತ್ತಿಗೆ ಕೆಟ್ಟವರಲ್ಲ, ತೊಂದರೆಯೇ ಅದು. ಒಂದು ಲೋಟ ಎತ್ತಲೂ ಬಿಡುವುದಿಲ್ಲ. ಅವರ ಮನೆಯಲ್ಲಿ ಒಂದು ವರ್ಷ ಇದ್ದರೆ ನಾನು ನಿಜವಾಗಿಯೂ ಮುದುಕಿಯಾಗಿ ಎದ್ದು ಬರುತ್ತೇನೆ, ಏಳುವುದಾದರೆ.

ನಾನು ಹಟಕ್ಕೆ ಬಿದ್ದೆ. ಮೂವತ್ತನೆಯ ಮದುವೆ ವರ್ಷಕ್ಕೆ ಜಾರ್ಜಿಯಾದ ಬತೂಮಿಗೆ ಕರೆದುಕೊಂಡು ಹೋಗುತ್ತೇನೆಂದು ಅವರು ಮೊದಲೇ ಮಾತು ಕೊಟ್ಟಿದ್ದರು. ಅದನ್ನು ಎತ್ತಿಕೊಂಡೆ.

"ಎಲ್ಲರ ಫೋಟೊದಲ್ಲಿ ಇರ್ತದಲ್ಲ, ಸಮುದ್ರದ ಬದಿ ಆ ಉದ್ದ ದಾರಿ. ಹೋಟೆಲಿಂದ ಜಾಯಿಂಟ್ ವೀಲ್ ತನಕ ಹೋಗಿ ವಾಪಸು ನಡೀತೇನೆ. ಕೋಲು ಇಲ್ಲ, ನಿಮ್ಮ ಕೈಯೂ ಇಲ್ಲ. ನಡೆದ್ರೆ ಇನ್ನು ಕಾಪು ಸುದ್ದಿ ಎತ್ತಬಾರ್ದು."

"ನಡೀಲಿಕ್ಕೆ ಆಗದಿದ್ರೆ?"

"ನಾನೇ ಸೂಟ್‌ಕೇಸ್ ಕಟ್ತೇನೆ."

ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಹೆದರಿಕೆಯಾಯಿತು. ಆದರೆ ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

ಬೇಸಿಗೆ ಪೂರ್ತಿ ಮೆಟ್ರೊ ಸ್ಟೇಷನ್ನಿನ ಎ.ಸಿ. ಸೇತುವೆಯಲ್ಲಿ ನಡೆದೆ. ಪಕ್ಕದಲ್ಲಿ ಓಡುವ ಪಟ್ಟಿಯ ಮೇಲೆ ಗಟ್ಟಿಮುಟ್ಟಾದ ಹುಡುಗರು ನಿಂತುಕೊಂಡೇ ಸಾಗುತ್ತಿದ್ದರು, ನಾನು ಕುಂಟುತ್ತ ನಡೆಯುತ್ತಿದ್ದೆ. ಅಕ್ಟೋಬರ್ ಕಳೆದು ಗಾಳಿ ತಣ್ಣಗಾದ ಮೇಲೆ ಶುಕ್ರವಾರ ಸಂಜೆ ಅಬುಧಾಬಿಗೆ ಹೋಗಿ, ಅಲ್ಲಿರುವ ಮಗಳ ಜೊತೆ ಸಮುದ್ರದ ಬದಿಯ ಕಾರ್ನಿಶಿನಲ್ಲಿ ನಡೆಯುತ್ತಿದ್ದೆ. "ಅಮ್ಮ, ಯು ಹ್ಯಾವ್ ನಥಿಂಗ್ ಟು ಪ್ರೂವ್" ಎನ್ನುತ್ತಿದ್ದಳು. ಅದನ್ನು ನಿನ್ನ ಅಪ್ಪನಿಗೆ ಹೇಳು ಎಂದೆ.

ಫಿಸಿಯೋಥೆರಪಿಯ ಮಲಯಾಳಿ ಹುಡುಗಿ ಒಂದು ದಿನ ನೆಲಕ್ಕೆ ಚಾಪೆ ಹಾಸಿ, "ಚೇಚಿ, ಇಲ್ಲಿ ಮಲಗಿ. ಈಗ ಯಾರನ್ನೂ ಹಿಡಿಯದೆ ಏಳಿ" ಎಂದಳು. ನಾನು ನಡೆಯಲು ಕಲಿಯಲು ಬಂದವಳು, ಮಲಗಲು ನನಗೆ ಬರುತ್ತದೆ ಎಂದೆ. "ಬಿದ್ದೇ ಬೀಳ್ತೀರಿ ಚೇಚಿ. ಆಗ?" ಎಂದಳು. ಇದೆಂಥ ಬಾಯಿ ಎಂದು ಕೋಪ ಬಂತು. ಆದರೂ ಪ್ರತಿ ಸಲ ಮಾಡಿಸದೆ ಅವಳು ಬಿಡಲಿಲ್ಲ. ಮೊದಲು ಅಲ್ಲಾಡದೆ ಮಲಗಿ ನೋವು ಎಲ್ಲಿದೆ ನೋಡಬೇಕು. ಮಗ್ಗುಲಿಗೆ ಹೊರಳಬೇಕು. ಮೊಣಕೈ ಊರಿ ಅಂಬೆಗಾಲಿಗೆ ಬರಬೇಕು. ಗಟ್ಟಿಯಾದ ಏನಾದರೊಂದರ ತನಕ ತೆವಳಿ, ಅದನ್ನು ಹಿಡಿದು ಒಳ್ಳೆಯ ಕಾಲನ್ನು ಮುಂದಿಡಬೇಕು. ಮೊಮ್ಮಗು ಮಾಡಬೇಕಾದ್ದನ್ನು ನಾನು ಮಾಡುತ್ತಿದ್ದೆ. ಗಂಡನಿಗೆ ಹೇಳಲಿಲ್ಲ. 'ಬೀಳು' ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಅವರು ಕನ್ನಡ ಶುರುಮಾಡುತ್ತಿದ್ದರು.

ತಿಬಿಲಿಸಿಯಲ್ಲಿ ವಿಮಾನ ಇಳಿದು, ಅಲ್ಲಿಂದ ರೈಲಿನಲ್ಲಿ ಬತೂಮಿಗೆ ಹೋದೆವು. ಬೆಳಿಗ್ಗೆ ಹೋಟೆಲಿನಿಂದ ಹೊರಗೆ ಬಂದರೆ ಅಬುಧಾಬಿಯಲ್ಲಿ ಇರುವಂಥದ್ದೇ ತಾಳೆಮರಗಳು, ಅವುಗಳ ಹಿಂದೆ ಮಾತ್ರ ಹಿಮ ಹೊತ್ತ ಬೆಟ್ಟಗಳು. ಸಮುದ್ರದ ಅಂಚಿನಲ್ಲಿ ಮರಳಿಲ್ಲ, ಬರೀ ನುಣುಪು ಕಲ್ಲು. ತೆರೆ ಹಿಂದೆ ಸರಿಯುವಾಗ ಮೊರದಲ್ಲಿ ಅಕ್ಕಿ ಕೇರಿದ ಸದ್ದು. ಗಾಳಿ ಕಿವಿಯನ್ನು ಕಚ್ಚುತ್ತಿತ್ತು. ನನ್ನ ಗಂಡ ಮಂಕಿ ಕ್ಯಾಪ್ ಹಾಕಿಕೊಂಡಿದ್ದರು, ಕಣ್ಣು ಮೂಗು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕೋಟಿನ ಜೇಬಿನಲ್ಲಿ ಹಿಂದಿನವರು ಬಿಟ್ಟ ಒಂದು ಹುಣಸೆ ಮಿಠಾಯಿ ಸಿಕ್ಕಿತು. ಅದನ್ನು ಬಾಯಿಗೆ ಹಾಕಿಕೊಂಡು ಹೊರಟೆ.

ಜಾಯಿಂಟ್ ವೀಲ್ ದೂರದಲ್ಲಿ ಮೊದಲಿನಿಂದಲೇ ಕಾಣುತ್ತದೆ. ತೊಂದರೆ ಏನೆಂದರೆ, ಎಷ್ಟು ನಡೆದರೂ ಅದು ಅಷ್ಟೇ ದೂರದಲ್ಲಿ ಕಾಣುತ್ತದೆ. ಅವರು ನನ್ನ ಹಿಂದೆಯೇ, ಎರಡೂ ಕೈ ಅರ್ಧ ಚಾಚಿಕೊಂಡು, ಕೋಳಿ ಹಿಡಿಯಲು ಬಂದವರ ಹಾಗೆ ನಡೆಯುತ್ತಿದ್ದರು.

"ಕೈ ಜೇಬಿಗೆ ಹಾಕಿ ಮಾರಾಯ್ರೆ, ಜನ ನೋಡ್ತಾರೆ."

"ಅಲ್ಲಿ ಬೆಂಚು ಉಂಟು, ಸ್ವಲ್ಪ ಕೂತ್ಕೊ."

"ನೀವು ಕೂತ್ಕೊಳ್ಳಿ."

ಕಿವಿಗೆ ಹಳದಿ ಬಿಲ್ಲೆ ಹಾಕಿದ ಬೀದಿನಾಯಿಯೊಂದು ಜೊತೆಗೆ ಬಂತು. ಪೆಡಲ್ ತುಳಿಯುವ ಬಂಡಿ ಬಾಡಿಗೆಗೆ ಕೊಡುವವನೊಬ್ಬ ಕೂಗಿ ಕರೆದ. ನನ್ನ ಗಂಡ ಆ ಬಂಡಿಯನ್ನು ಆಸೆಯಿಂದ ನೋಡಿದರು, ನಾನು ನೋಡಲಿಲ್ಲ. ಸೊಂಟದಲ್ಲಿ ನೋವು ಶುರುವಾಗಿತ್ತು. ನೋಯಲಿ ಎಂದುಕೊಂಡೆ. ಕಾಪುವಿನ ಪಡಸಾಲೆ, ಅಲ್ಲಿ ನನಗೆಂದು ಹಾಕಿಸುವ ಕುರ್ಚಿ, "ನೀನು ಏಳಬೇಡ, ನಾನು ತರ್ತೇನೆ" ಎಂಬ ಅತ್ತಿಗೆಯ ದನಿ, ಇವನ್ನೆಲ್ಲ ನೆನೆದುಕೊಂಡು ಒಂದೊಂದೇ ಹೆಜ್ಜೆ ಕಿತ್ತಿಟ್ಟೆ.

ಚಕ್ರದ ತೊಟ್ಟಿಲುಗಳ ಬಣ್ಣ ಬೇರೆಬೇರೆಯಾಗಿ ಕಾಣುವಷ್ಟು ಹತ್ತಿರ ಬಂದಿದ್ದೆ. ರಾತ್ರಿ ಮಳೆ ಬಂದಿತ್ತು, ದಾರಿಯಲ್ಲಿ ಒದ್ದೆ ಎಲೆ ಅಂಟಿಕೊಂಡಿತ್ತು. ಎಡಗಾಲು ಎಳೆಯಿತು, ಬಲಗಾಲು ಜಾರಿತು, ಬಿದ್ದೆ.

"ಅಯ್ಯೋ ದೇವೆರೇ!" ಎಂದು ಅವರು ಕೂಗಿದ್ದು ಅಪ್ಪಟ ತುಳುವಿನಲ್ಲಿ. ಮಂಕಿ ಕ್ಯಾಪಿನೊಳಗೆ ಅದೇ ಮುಖ, ಅಡುಗೆಮನೆಯ ಹೊಸ್ತಿಲಲ್ಲಿ ಕಂಡದ್ದು. ಓಡಿಬಂದು ಬಗ್ಗಿದರು.

"ಮುಟ್ಟಬೇಡಿ!" ಎಂದೆ. ಎಷ್ಟು ಜೋರಾಗಿ ಎಂದರೆ ನಾಯಿ ಹಿಂದೆ ಸರಿಯಿತು. ನೆರವಿಗೆ ಓಡಿಬರುತ್ತಿದ್ದ ಆ ಊರಿನ ದಂಪತಿಗೂ ಕೈ ಅಡ್ಡ ಹಿಡಿದೆ.

ಬಲಮಗ್ಗುಲಿಗೆ ಬಿದ್ದಿದ್ದೆ. ಕೋಟು ಹಾಸಿಗೆಯಷ್ಟು ದಪ್ಪ, ಅದು ಪೆಟ್ಟು ತಿಂದಿತ್ತು. ಅಲ್ಲಾಡದೆ ಮಲಗಿ ನೋಡಿದೆ. ನೋವು ಮೊದಲಿದ್ದಲ್ಲೇ ಇತ್ತು, ಹೊಸದಾಗಿ ಏನೂ ಮುರಿದಿರಲಿಲ್ಲ. ಹೊರಳಿದೆ. ಮೊಣಕೈ ಊರಿದೆ. ಆ ಕೆಸರಿನಲ್ಲಿ, ಅಷ್ಟು ಜನರೆದುರು, ಬೆಂಚಿನ ತನಕ ಅಂಬೆಗಾಲಿನಲ್ಲಿ ಹೋದೆ. ಅದರ ಕಬ್ಬಿಣದ ಕೈ ಹಿಡಿದು, ಒಳ್ಳೆಯ ಕಾಲನ್ನು ಮುಂದಿಟ್ಟು ಎದ್ದೆ. ನಾಚಿಕೆ ಆಗಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯಾಯಿತು, ಬಹಳ ಖುಷಿ.

ತಿರುಗಿ ನೋಡಿದರೆ ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು, ಕಣ್ಣು ತುಂಬಿತ್ತು. ಕೊನೆಗೆ ಬೆಂಚು ಬೇಕಾದದ್ದು ಅವರಿಗೇ. ಬಂದು ಬೆಂಚಿನಲ್ಲಿ ಕುಸಿದು ಕೂತರು.

"ಇದು ಯಾವಾಗ ಕಲ್ತದ್ದು?"

"ನೀವು ಡ್ಯೂಟಿಗೆ ಹೋದ ಮೇಲೆ."

ಟೋಪಿಯನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ, "ಇನ್ನೊಂದು ಸಲ ಮಾಡಿ ತೋರಿಸ್ತೀಯಾ?" ಎಂದರು. ತಮಾಷೆಗೆ ಕೇಳಿದ್ದಲ್ಲ, ಮನುಷ್ಯ ನಿಜವಾಗಿಯೇ ಕೇಳಿದ್ದು. ನಿಮಗೆ ಮಂಡೆ ಸಮ ಉಂಟಾ ಎಂದೆ.

ಜಾಯಿಂಟ್ ವೀಲ್ ಇನ್ನೂ ಮುಂದಿತ್ತು. ಹೊರಟು ನೋಡಿದೆ. ನಾಲ್ಕು ಹೆಜ್ಜೆಗೇ ಕಾಲು ಮಾತು ಕೇಳಲಿಲ್ಲ. ಕೊನೆಗೆ ಆ ತುಳಿಯುವ ಬಂಡಿಯಲ್ಲೇ ಹೋಟೆಲಿಗೆ ಮರಳಿದೆವು. ಅವರೇ ತುಳಿದರು, ನಾನು ಉದ್ದಕ್ಕೂ ಮುಖ ಊದಿಸಿಕೊಂಡು ಕೂತಿದ್ದೆ. ಸೋಲು ಸೋಲೇ. ಕೋಣೆಗೆ ಬಂದವಳೇ ಮಂಚದ ಕೆಳಗಿನಿಂದ ಸೂಟ್‌ಕೇಸ್ ಎಳೆದು, "ಸೋತೆ. ಕಾಪುವಿಗೆ ಬೇಕಾದ್ದು ಬೇರೆ ಕಟ್ಟಬೇಕಲ್ಲ, ಈಗಲೇ ಯೋಚಿಸ್ತೇನೆ" ಎಂದೆ.

ಅವರು ಅದನ್ನು ಕಾಲಿನಲ್ಲಿ ಮತ್ತೆ ಮಂಚದ ಕೆಳಗೆ ತಳ್ಳಿದರು. ಕನ್ನಡ ಶುರುಮಾಡಲಿಲ್ಲ. ಚಾ ತರಿಸಿದರು.

ಕೊನೆಯ ದಿನ ನೋವು ಇಳಿದಿತ್ತು. ಬೆಳಿಗ್ಗೆ ಬೂಟು ಹಾಕಿಕೊಂಡು, ಬರುತ್ತೀರಾ ಎಂದು ಕೇಳಿದೆ. ಕಂಬಳಿಯೊಳಗಿನಿಂದಲೇ, "ನೀನು ಹೋಗಿ ಬಾ, ನನಗೆ ನಿದ್ದೆ" ಎಂದರು. ಹೋದೆ. ನಡುನಡುವೆ ಎರಡು ಬೆಂಚಿನಲ್ಲಿ ಕೂತೆ, ಜಾಯಿಂಟ್ ವೀಲಿನ ಕಂಬ ಮುಟ್ಟಿದೆ, ನಡೆದೇ ವಾಪಸು ಬಂದೆ. ಆ ನಾಯಿಯೊಂದೇ ಸಾಕ್ಷಿ. ಬಂದಾಗ ಅವರು ಇನ್ನೂ ಗೊರಕೆ ಹೊಡೆಯುತ್ತಿದ್ದರು.

ದುಬೈಗೆ ಬಂದು ಕೋಟು ತೊಳೆಸಿದೆ, ಬಲ ಮೊಣಕೈ ಹತ್ತಿರದ ಕಲೆ ಹೋಗಲಿಲ್ಲ. ಕ್ಲಿನಿಕ್ಕಿನ ಕುರ್ಚಿಗೆ ಮರಳಿದೆ. ಮೊದಲ ವಾರದ ನನ್ನ ರಜೆಯ ದಿನ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಿ ಒಳಗೆ ಬಂದರೆ ಫೋನಿನಲ್ಲಿ ಅವರ ಕರೆ ಬಂದು ನಿಂತಿತ್ತು. ಒಂದೇ ಒಂದು. ವಾಚ್‌ಮನ್ ಬಂದಾನೆಂದು ಕಾದೆ, ಬರಲಿಲ್ಲ. ಮತ್ತೆ ಫೋನೂ ಬರಲಿಲ್ಲ. ನಾನೂ ಮಾಡಲಿಲ್ಲ.

ಸಂಜೆ ಅವರು ಯಾವಾಗಿನ ಹೊತ್ತಿಗೆ ಬಂದರು. ಬಾಗಿಲ ಬಳಿ ಬೂಟು ಕಳಚುತ್ತ, ತಲೆ ಎತ್ತದೆ ಕೇಳಿದರು.

"ಎಂತ, ಫೋನು ಎತ್ತಲಿಲ್ಲ? ಬೆಳಿಗ್ಗೆ ಚಟ್ನಿ ವಿಷಯ ಹೇಳಿದ್ದಕ್ಕೆ ಸಿಟ್ಟಾ?"

ಹೌದು, ಸಿಟ್ಟು ಎಂದೆ. ಅಡುಗೆಮನೆಗೆ ಹೋಗಿ ಅವರಿಗೆ ಚಾ ಇಟ್ಟೆ.