ಕಾರಣ ಹೇಳುತ್ತಿದ್ದ ಹಿರಿಯರು

ರೋಗಿಗಳ ಮನೆಗೆ ಹೋಗಿ ಪ್ರಾರ್ಥಿಸುವ ಹೊಣೆ ಹೊತ್ತ ಹಿರಿಯರೊಬ್ಬರು ನಮ್ಮ ಚರ್ಚಿನ ಸಭೆಯಲ್ಲಿದ್ದಾರೆ. ಮಂಡಿ ಸವೆದು ದನಿ ಬಳಲಿದ್ದರೂ ಊರಿನ ಮಹಡಿ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತುವುದನ್ನು ಬಿಟ್ಟವರಲ್ಲ. ನೋವೆಂದರೆ ದೇವರ ತೀರ್ಪು, ತೀರ್ಪಿನ ಹಿಂದೆ ತಪ್ಪೊಂದು ಇರಲೇಬೇಕು ಎಂಬುದು ಅವರ ಬಹುಕಾಲದ ಸಿದ್ಧಾಂತವಾಗಿತ್ತು. ಹಲ್ಲುನೋವಿನಲ್ಲಿ ನಾಲಗೆಯ ಪಾಪವನ್ನೂ ಸೋರುವ ಚಾವಣಿಯಲ್ಲಿ ಮನೆಯೊಡೆಯನ ಅಹಂಕಾರವನ್ನೂ ಕುಳಿತಲ್ಲೇ ಕಂಡುಹಿಡಿಯುತ್ತಿದ್ದರು. ಈಗ ಅದನ್ನೆಲ್ಲ ಬಿಟ್ಟಿದ್ದಾರೆಂದರೆ ನಂಬುವವರಿಲ್ಲ, ಊರುಗೋಲಿನ ಸದ್ದು ಕೇಳಿದೊಡನೆ ಸೊಸೆಯಂದಿರು ಇಂದಿಗೂ, "ಅತ್ತೆ, ಹಿರಿಯರು ಬಂದ್ರು, ಒಂಚೂರು ಕೆಮ್ಮು ತಡಕೊಳ್ಳಿ!" ಎಂದು ಪಿಸುಗುಟ್ಟುತ್ತಾರೆ. ದರ್ಜಿಯೊಬ್ಬ ಎಳೆಯ ವಯಸ್ಸಿನಲ್ಲೇ ತೀರಿಕೊಂಡಾಗ ಅವನ ಶವದ ಮುಂದೆಯೂ ಅವರು ಕಾರಣ ಹೇಳಿದ್ದರು. ಅಂದಿನಿಂದ ಅವನ ಹೆಂಡತಿ ಅವರೊಡನೆ ಮಾತು ಬಿಟ್ಟಳು. ಅವಳ ಕ್ಷಮೆಯನ್ನು ಬಯಸಿ ಪ್ರತಿ ಮಂಗಳವಾರ ಆ ಬಾಗಿಲಲ್ಲಿ ನಿಂತು, ಪಾಳುಬಿದ್ದ ನಗರಕ್ಕಾಗಿ ಪ್ರವಾದಿ ಅತ್ತ ಬೈಬಲಿನ ಪ್ರಲಾಪವನ್ನು ಯಾವ ವ್ಯಾಖ್ಯಾನವನ್ನೂ ಸೇರಿಸದೆ ಓದಿ ಹಿಂತಿರುಗುತ್ತಾರೆ. ಕಳೆದ ವಾರ ಅವಳು ಹೊಲಿಗೆಯಂತ್ರ ನಿಲ್ಲಿಸಿ, "ಇವತ್ತೂ ಕಾರಣ ಹೇಳೋಕೆ ಬಂದ್ರಾ?" ಎಂದಳು. "ಇಲ್ಲಮ್ಮ. ತೀರ್ಪು ಬರುತ್ತೆ ಅಂತ ಸಾರಿದ ಪ್ರವಾದಿನೇ, ಅದು ಬಂದಾಗ ಜನರ ಜೊತೆ ಕೂತು ಅತ್ತ. ನಾನು ನಿಮ್ಮ ಮನೇಲಿ ತೀರ್ಪು ಹೇಳಿ ಎದ್ದುಹೋದೆ. ಪಾಪ ನಂದು." ಕ್ಷಮಿಸಿದೆನೆಂದು ಅವಳು ಹೇಳಲಿಲ್ಲ. ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ತೆಗೆದು ನೆಲದ ಮೇಲಿಟ್ಟು, "ಕೂತು ಓದಿ," ಎಂದಳು, "ನಿಧಾನವಾಗಿ ಓದಿ. ನಾನಿನ್ನೂ ಅತ್ತು ಮುಗಿಸಿಲ್ಲ."