ಕಾಕುವಿನ ಎಡಗೈ

ಊಟಕ್ಕೆ ಸದ್ದಿರುತ್ತದೆ ಎಂದು ನನಗೆ ಗೊತ್ತಾದದ್ದು ಧಾರವಾಡದಲ್ಲಿ. ಬಂದ ದಿನ ಮಧ್ಯಾಹ್ನ ಒಂದು ಖಾನಾವಳಿಯಲ್ಲಿ ಕೂತೆ. ಖಾನಾವಳಿ ಎಂದರೆ ನಮ್ಮ ಕಡೆಯ ಮೆಸ್ಸು ಅಂದುಕೊಳ್ಳಿ. ಸುತ್ತ ಇಪ್ಪತ್ತು ಜನ ಕಟಕಟ, ಕರಕರ ಎಂದು ಏನನ್ನೋ ಮುರಿಯುತ್ತಿದ್ದರು. ನನ್ನ ತಟ್ಟೆಗೂ ಹಪ್ಪಳದಂಥ ಜೋಳದ ರೊಟ್ಟಿ ಬಂತು. ಕೊಳ್ಳೇಗಾಲದ ನಮಗೆ ಮುದ್ದೆ ಅಗಿದು ಗೊತ್ತೇ? ಅದ್ದಿ, ನುಂಗಿ, ಎದ್ದು ಹೋಗುವವರು. ರೊಟ್ಟಿ ಮುರಿದೆ, ಅರ್ಧ ನನ್ನ ಕೈಯಲ್ಲಿ ಉಳಿಯಿತು, ಇನ್ನರ್ಧ ಹಾರಿ ಎದುರಿಗಿದ್ದವರ ತಟ್ಟೆಗೆ ಬಿತ್ತು. ಅವರು ಸಿಟ್ಟಾಗಲಿಲ್ಲ. "ಹೊಸಬರು ಕಾಣ್ತೀರಿ. ಪಲ್ಯಾ ಹಾಕ್ಕೊಂಡು ಸ್ವಲ್ಪ ತಡೀರಿ, ಮೆತ್ತಗಾಗ್ತೈತಿ" ಎಂದು ಹೇಳಿ ಆ ಅರ್ಧವನ್ನು ತಾವೇ ತಿಂದುಬಿಟ್ಟರು.

ಮನಃಶಾಸ್ತ್ರದಲ್ಲಿ ಬಿ.ಎ. ಮಾಡಲು ಅಷ್ಟು ದೂರ ಯಾಕೆ, ಮೈಸೂರು ಪಕ್ಕದಲ್ಲೇ ಇತ್ತಲ್ಲ ಎಂದು ಊರಿನವರು ನೀವು ಈಗಲೂ ಕೇಳುತ್ತೀರಿ. ಪಕ್ಕದಲ್ಲಿತ್ತು, ಅದಕ್ಕೇ ಬೇಡವಾಗಿತ್ತು. ಊರು ಬಿಡುವಾಗ ಎಲ್ಲರೂ "ನನ್ ಮನ್ಸಲ್ಲಿ ಏನದೆ ಯೋಳು ನೋಡವ" ಎಂದು ಛೇಡಿಸಿದ್ದಿರಿ. ಧಾರವಾಡದ ಮಾಳಮಡ್ಡಿಯಲ್ಲಿ ಕೋಣೆ ಕೇಳಲು ಹೋದಾಗ ಮನೆಯೊಡತಿ ಸುಧಾ ಕಾಕು ಕೇಳಿದ್ದೂ ಅದನ್ನೇ. "ಸೈಕಾಲಜಿ ಅಂದ್ರ ಮಂದಿ ಮನಸ್ಸು ಓದೂದಲ್ಲ? ನನ್ನ ಮನಸ್ಸಿನಾಗ ಏನೈತಿ ಹೇಳು ನೋಡೋಣು."

"ಈ ಹುಡುಗಿಗೆ ಕೋಣೆ ಕೊಡಬೇಕೋ ಬೇಡವೋ ಅಂತಿದೆ" ಎಂದೆ. ಕಾಕು ನಕ್ಕು ಕೀಲಿ ಕೊಟ್ಟರು.

ಕಾಕು ಎಂದರೆ ಚಿಕ್ಕಮ್ಮ. ನಮ್ಮಲ್ಲಿ ಬಂಧುವಾಗಲು ಒಂದು ಮದುವೆಯಾದರೂ ನಡೆಯಬೇಕು, ಇಲ್ಲಿ ಒಂದು ಕಪ್ ಚಹಾ ಸಾಕು. ಸುಧಾ ಕಾಕುಗೆ ಅರವತ್ತು ದಾಟಿದೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಾರೆ. ಮಷಿನ್ನು ನಿಂತರೂ ಅವರ ಬಾಯಿ ನಿಲ್ಲುವುದಿಲ್ಲ.

ನಮ್ಮ ಓದಿಗೆ ಪ್ರಯೋಗಾಲಯವಿದೆ ಎಂದರೆ ಅಮ್ಮ ಇನ್ನೂ ನಂಬಿಲ್ಲ. ಇದೆ. ಕಪ್ಪೆ ಇಲ್ಲ, ಇಲಿ ಇಲ್ಲ, ಮನುಷ್ಯರೇ. ಒಬ್ಬರು ಪ್ರಯೋಗ ಮಾಡುತ್ತಾರೆ, ಇನ್ನೊಬ್ಬರು ಕೂರುತ್ತಾರೆ, ಕೂತವರು ಸಬ್ಜೆಕ್ಟ್. ಮುಗಿದ ಮೇಲೆ ಅವರಿಗೆ ಏನನಿಸಿತು ಎಂದು ಕೇಳಿ ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಮೊದಲ ಸಲ ನಾನು ಗೆಳತಿಯ ಮಾತನ್ನು "ಪ್ರಾರಂಭದಲ್ಲಿ ಕ್ಲಿಷ್ಟವೆನಿಸಿದರೂ ಕ್ರಮೇಣ ಸುಲಭವಾಯಿತು" ಎಂದು ಅಂದವಾಗಿ ಬರೆದೆ. ಮೇಡಂ ಕೆಂಪು ಗೆರೆ ಎಳೆದರು. "ಹುಬ್ಬಳ್ಳಿ ಹುಡುಗಿ ಹಿಂಗ ಮಾತಾಡ್ತಾಳೇನು? ಆಕಿ ಹೆಂಗ ಹೇಳ್ಯಾಳ, ಹಂಗ ಬರಿ. ಒಂದು ಮಾತೂ ಹೊಡದು ಹಾಕಬ್ಯಾಡ."

ಅವತ್ತಿನಿಂದ ಜನರ ಮಾತನ್ನು ಇದ್ದ ಹಾಗೇ ಬರೆಯತೊಡಗಿದೆ. ಈ ಕನ್ನಡ ನನಗೆ ಬಂದದ್ದು ಹಾಗೆ. ತ್ರಾಸು ಎಂದರೆ ಕಷ್ಟ, ಲಗೂ ಎಂದರೆ ಬೇಗ, ಖರೇ ಎಂದರೆ ನಿಜ.

ವರ್ಷದ ಕೊನೆಯ ಪ್ರಾಯೋಗಿಕ ಪರೀಕ್ಷೆಗೆ ಮಾತ್ರ ಕಾಲೇಜಿನ ಹೊರಗಿನವರನ್ನೇ ಕರೆತರಬೇಕಿತ್ತು. ಸಬ್ಜೆಕ್ಟ್ ಇಲ್ಲದಿದ್ದರೆ ಪರೀಕ್ಷೆಯೂ ಇಲ್ಲ. ಒಬ್ಬಳಿಗೆ ಇಲ್ಲೇ ಹತ್ತಿರದ ಗೋಪನಕೊಪ್ಪದ ಅತ್ತೆ, ಇನ್ನೊಬ್ಬಳಿಗೆ ತಾರಿಹಾಳದ ಕಾರ್ಖಾನೆಯಲ್ಲಿರುವ ಅಣ್ಣ. ನನಗೆ ಯಾರು? ಕೊಳ್ಳೇಗಾಲದಲ್ಲಿ ಕೂಗಿದರೆ ಇಡೀ ಬೀದಿ ಬರುತ್ತಿತ್ತು. ಕಾಕುವಿನ ಮನೆಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತೆ.

"ಯಾಕ ಅಳಾಕತ್ತೀ? ಊಟ ಆಗಿಲ್ಲೇನು?" ಕಾಕು ಬಂದರು. ವಿಷಯ ಹೇಳಿದೆ.

"ಅಯ್ಯ ಹುಚ್ಚಿ! ಇಷ್ಟಕ್ಕ ಅಳ್ತಾರೇನು? ನಾ ಇಲ್ಲೇನು? ನಾ ಬರ್ತೀನಿ."

ಪರೀಕ್ಷೆಯ ದಿನ ಕಾಕು ಇಳಕಲ್ಲ ಸೀರೆಯುಟ್ಟು, ಪರೀಕ್ಷಕರಿಗೆಂದು ಒಂದು ಡಬ್ಬಿ ಬೇಸನ್ ಉಂಡಿ, ಅಂದರೆ ಕಡಲೆಹಿಟ್ಟಿನ ಲಾಡು, ತಂದರು. ಕಸಿದು ಮೇಜಿನ ಕೆಳಗೆ ಬಚ್ಚಿಟ್ಟೆ. ನನಗೆ ಬಂದದ್ದು ಕನ್ನಡಿ ನೋಡಿ ನಕ್ಷತ್ರ ಬರೆಯುವ ಪ್ರಯೋಗ. ಕೈ ಕಾಣದಂತೆ ಅಡ್ಡ ಹಲಗೆ ಇರುತ್ತದೆ. ಕನ್ನಡಿಯನ್ನಷ್ಟೇ ನೋಡುತ್ತ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸಬೇಕು. ಮೊದಲು ಎಡಗೈಯಲ್ಲಿ ಒಮ್ಮೆ, ಆಮೇಲೆ ಬಲಗೈಯಲ್ಲಿ ಹತ್ತು ಸಲ, ಮತ್ತೆ ಎಡಗೈಯಲ್ಲಿ. ಆರಂಭದಲ್ಲಿ ತಡವರಿಸಿದ ಎಡಗೈ, ಬಲಗೈ ಕಲಿತ ಮೇಲೆ ತಾನೂ ಸುಧಾರಿಸುತ್ತದೆ ಎನ್ನುವುದು ಪಾಠ.

"ಯಾವ ಕೈಯಲ್ಲಿ ಬರೆಯುತ್ತೀರಿ?" ಎಂದು ನಿಯಮದಂತೆ ಕೇಳಿದೆ. "ಬಲಗೈಲೆ" ಎಂದರು.

ಆದರೆ ಕಾಕುವಿನ ಎಡಗೈ ಮೊದಲ ಸಲವೇ ನಕ್ಷತ್ರವನ್ನು ಸಲೀಸಾಗಿ ಸುತ್ತಿ ಬಂತು. ಬಲಗೈ ಹತ್ತು ಸಲವೂ ಗೆರೆ ದಾಟಿ ತಿಣುಕಿತು. ಪುಸ್ತಕದಲ್ಲಿದ್ದದ್ದೆಲ್ಲ ಉಲ್ಟಾ! ಪಕ್ಕದ ಮೇಜಿನ ಗೆಳತಿ ಬಗ್ಗಿ ನೋಡಿ ಪಿಸುಗುಟ್ಟಿದಳು: "ಅಂಕಿ ಅದಲುಬದಲು ಮಾಡಿಬಿಡು, ಯಾರಿಗೂ ಗೊತ್ತಾಗಂಗಿಲ್ಲ." ಸುಳ್ಳೇಕೆ, ಪೆನ್ನಿನ ತುದಿ ಅತ್ತಲೇ ಹೊರಟಿತ್ತು. ಆದರೆ ಇನ್ನೂ ಕೊನೆಯ ಪ್ರಶ್ನೆ ಕೇಳುವುದಿತ್ತು. ಕೇಳಿದೆ: "ನಿಮಗೆ ಏನನಿಸಿತು, ಕಾಕು?"

ಕಾಕು ಪೆನ್ಸಿಲ್ ಕೆಳಗಿಟ್ಟರು. ಎಡಗೈಯನ್ನೇ ನೋಡುತ್ತಿದ್ದರು.

"ನಾ ಸಣ್ಣಾಕಿದ್ದಾಗ ಎಡಚಿ ಇದ್ದೆ. ರಂಗೋಲಿ ಹಾಕಾಕ ಹ್ವಾದ್ರ ನಮ್ಮವ್ವ ಈ ಕೈಗೆ ಹೊಡೀತಿದ್ಲು. ಹೊಡದು ಹೊಡದು ಬಲಗೈ ಮಾಡಿಸಿದ್ಲು. ಇದಕ್ಕ ಇನ್ನ ಏನೂ ಬರಂಗಿಲ್ಲ ಅಂತ ತಿಳ್ಕೊಂಡಿದ್ದೆ." ನಕ್ಕರು, ಕಣ್ಣೊರೆಸಿಕೊಂಡರು. "ಏನೂ ಮರ್ತಿಲ್ಲ ನೋಡು, ನನ್ನ ಕೈ!"

ಒಂದು ಮಾತೂ ತಿದ್ದದೆ ಬರೆದೆ. ಅಂಕಿಗಳನ್ನೂ ಬಂದ ಹಾಗೇ ಬರೆದೆ. ಪರೀಕ್ಷಕರು ಕನ್ನಡಕ ಏರಿಸಿ ಓದಿದರು. "ಪುಸ್ತಕದಾಗ ಇದ್ದಂಗ ಬಂದಿಲ್ಲಲಾ?"

"ಇಲ್ರಿ ಸರ್. ಆದ್ರ ಬಂದದ್ದು ಖರೇ ಐತ್ರಿ" ಎಂದೆ. ಈ ಮಾತು ನನ್ನ ಬಾಯಿಂದಲೇ ಬಂತೇ ಎಂದು ನಾನೇ ಬೆರಗಾದೆ. ಅವರು ಇನ್ನೊಮ್ಮೆ ಓದಿ ಸಹಿ ಹಾಕಿದರು. "ಛಲೋ ಬರದೀ, ಪಾಸು. ಅದಿರ್ಲಿ, ಮೇಜಿನ ಕೆಳಗ ಆ ಡಬ್ಬಿಯಾಗೇನೈತಿ?"

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಕಾಕು ಅಂಗಳದಲ್ಲಿ ಎಡಗೈಯಿಂದ ರಂಗೋಲಿ ಹಾಕುತ್ತಿದ್ದರು. ಹೊಲಿಗೆಯ ಹುಡುಗಿಯರು ಬಾಯಿಬಿಟ್ಟು ನಿಂತಿದ್ದರು. ನನಗಂತೂ ಕುಣಿಯುವಷ್ಟು ಸಂತೋಷವಾಯಿತು.

ರಜೆಗೆ ಊರಿಗೆ ಬಂದೆನಲ್ಲ, ಆಗ ಮುದ್ದೆ ಸದ್ದಿಲ್ಲದೆ ಗಂಟಲಿಗಿಳಿಯಿತು. ಕಿವಿ ಮಾತ್ರ ಯಾಕೋ ಕಾಯುತ್ತಿತ್ತು. ಅಮ್ಮನಿಗೆ ಕಾಕುವಿನ ಕಥೆ ಹೇಳಿ, ಗೋಡೆಯ ಕನ್ನಡಿ ಇಳಿಸಿ, ಅಡ್ಡಕ್ಕೆ ಮೊರ ಹಿಡಿದು ಅವಳಿಂದಲೂ ನಕ್ಷತ್ರ ಬರೆಸಿದೆ. "ಇದೇನ್ ಕೂಸೇ, ಅತ್ಲಾಗ್ ಅಂದ್ರೆ ಕೈ ಇತ್ಲಾಗ್ ಓಯ್ತದಲ್ಲ!" ಎಂದು ಅಮ್ಮ ನಕ್ಕೂ ನಕ್ಕೂ ಸುಸ್ತಾದಳು. ಆ ಮಾತನ್ನೂ ಕಾಕುವಿನ ಮಾತಿನ ಕೆಳಗೇ ಬರೆದುಕೊಂಡೆ.

"ಈಗ ನೀನ್ ಕೂತ್ಕೊ. ನಿಂಗೇನನ್ಸ್ತು ಅಂತ್ಲೂ ಬರಿ" ಎಂದು ಅಮ್ಮ ಪೆನ್ಸಿಲ್ ಕೊಟ್ಟಳು. ನಕ್ಷತ್ರ ಮುಗಿಸಿ ಪೆನ್ನು ಹಿಡಿದೆ. ಮೊದಲ ಸಾಲು ಬಂತು: "ಖರೇ ಹೇಳ್ಬೇಕಂದ್ರ ಭಾಳ ತ್ರಾಸ ಆತು." ಎರಡನೆಯದು ಅದರ ಹಿಂದೆಯೇ ಬಂತು: "ಆದ್ರೂವೆ ಖುಸಿಯಾಯ್ತು ಕನವ್ವ."

ಒಂದನ್ನು ಹೊಡೆದುಹಾಕೋಣವೆಂದು ಪೆನ್ನು ಎತ್ತಿದೆ. ಮೇಡಂ ಹೇಳಿದ್ದು ನೆನಪಾಯಿತು. ಎರಡನ್ನೂ ಹಾಗೇ ಬಿಟ್ಟೆ.